ಯೀಸ್ಟ್ ಕೋಶದಲ್ಲಿ ಕೈನೇಸ್ ಅತಿಯಾದಾಗ ಬೆಳವಣಿಗೆ ನಿಲ್ಲುವುದೇಕೆ?

ಪ್ರಶ್ನೆ:
ನಮಸ್ಕಾರ. ಸ್ವೀ1 ಎಂಬ, ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಜೋಡಿಸುವ ಕಿಣ್ವವಾದ ಪ್ರೋಟೀನ್ ಕೈನೇಸ್‌ನ ಜೀನನ್ನು ಗ್ಯಾಲ್1 ಪ್ರೊಮೋಟರಿನ (ಗ್ಯಾಲಕ್ಟೋಸ್ ಇದ್ದಾಗ ಜೀನನ್ನು ಚಾಲೂ ಮಾಡಿ, ಗ್ಲೂಕೋಸ್ ಇದ್ದಾಗ ತಡೆಹಿಡಿಯುವ ಡಿಎನ್ಎ ಭಾಗದ) ಹಿಡಿತದಲ್ಲಿಟ್ಟು, ಕೋಶವೊಂದರಲ್ಲಿ ಹಲವಾರು ಪ್ರತಿಗಳಾಗಿ ಉಳಿಯುವ, ಚಿಕ್ಕ ಡಿಎನ್ಎ ಉಂಗುರವಾದ ಪ್ಲಾಸ್ಮಿಡ್‌ನ ಮೂಲಕ ಯೀಸ್ಟಿಗೆ ಸೇರಿಸಿದ್ದೇನೆ. ಗ್ಲೂಕೋಸ್ ಇರುವ ತಟ್ಟೆಯಲ್ಲಿ ಕೋಶಗಳು ಚೆನ್ನಾಗಿ ಬೆಳೆಯುತ್ತವೆ. ಗ್ಯಾಲಕ್ಟೋಸ್ ತಟ್ಟೆಯಲ್ಲಿ ಕಾಲೊನಿಗಳೇ ಮೂಡುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಗ್ಗುಗಳು (ತಾಯಿಕೋಶದಿಂದ ಚಿಗುರುವ ಮರಿಕೋಶಗಳು) ದುಂಡಗಾಗದೆ ನೀಳವಾಗಿ ಚಾಚಿಕೊಂಡಿವೆ. ಇದು ಕೈನೇಸ್ ಮಾಡುವ ಕೆಲಸದ ಪರಿಣಾಮವೋ, ಇಲ್ಲವೇ ಯಾವುದೇ ಪ್ರೋಟೀನನ್ನು ಮಿತಿಮೀರಿ ತಯಾರಿಸಿದಾಗ ಕೋಶದ ಮೇಲೆ ಬೀಳುವ ಹೊರೆಯೋ? ತಿಳಿಯುವುದು ಹೇಗೆ?

ಉತ್ತರ 1:
ಮೊಗ್ಗಿನ ಆಕಾರವೇ ದೊಡ್ಡ ಸುಳಿವು. ಬರಿಯ ಹೊರೆಯಾಗಿದ್ದರೆ ಕೋಶಗಳು ನಿಧಾನವಾಗಿ ಬೆಳೆಯುತ್ತಿದ್ದವೇ ಹೊರತು, ಒಂದೇ ಘಟ್ಟಕ್ಕೆ ಬಂದು ಒಂದೇ ರೂಪದಲ್ಲಿ ನಿಲ್ಲುವ ಸಂಭವ ಕಡಿಮೆ. ಕೋಶಚಕ್ರವನ್ನು ಮುಂದಕ್ಕೆ ನಡೆಸುವ ಸಿಡಿಸಿ28 ಕೈನೇಸ್‌ನ 19ನೆಯ ಸ್ಥಾನದಲ್ಲಿರುವ ಅಮೈನೋ ಆಮ್ಲ ಟೈರೋಸಿನ್‌ಗೆ ಸ್ವೀ1 ಫಾಸ್ಫೇಟ್ ಜೋಡಿಸಿ ಅದನ್ನು ತಡೆಹಿಡಿಯುತ್ತದೆ. ಆಗ ಕೋಶಕೇಂದ್ರ ವಿಭಜನೆಯಾಗುವುದಿಲ್ಲ. ತುದಿಯಲ್ಲಷ್ಟೇ ಬೆಳೆಯುವುದನ್ನು ಬಿಟ್ಟು ಸುತ್ತಲೂ ಹಿಗ್ಗಲು ಮೊಗ್ಗಿಗೆ ಬೇಕಾದ ಸಂಕೇತವೂ ಸಿಡಿಸಿ28ರಿಂದಲೇ ಬರಬೇಕಾದ್ದರಿಂದ, ಅದು ಉದ್ದವಾಗುತ್ತಲೇ ಹೋಗುತ್ತದೆ. ಆ ಟೈರೋಸಿನ್ ಬದಲಿಗೆ, ಫಾಸ್ಫೇಟ್ ಅಂಟಲಾಗದ ಫಿನೈಲ್‌ಅಲನಿನ್ ಇರುವ ಸಿಡಿಸಿ28 ತಳಿಗೆ ಇದೇ ಪ್ಲಾಸ್ಮಿಡ್ ಸೇರಿಸಿ. ಸ್ವೀ1ರ ಪ್ರಮಾಣ ಅಷ್ಟೇ ಇದ್ದೂ ಕೋಶಗಳು ವಿಭಜಿಸತೊಡಗಿದರೆ, ಹೊರೆಯ ವಾದಕ್ಕೆ ಆಧಾರವಿರುವುದಿಲ್ಲ.

ಉತ್ತರ 2:
ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಜೊತೆಗೆ, ಫಾಸ್ಫೇಟ್ ಒದಗಿಸುವ ಎಟಿಪಿಯನ್ನು ಹಿಡಿಯುವ ತಾಣದ ಲೈಸಿನ್ ಬದಲಿಸಿ ನಿಷ್ಕ್ರಿಯಗೊಳಿಸಿದ ಸ್ವೀ1 ಅನ್ನೂ, ಖಾಲಿ ಪ್ಲಾಸ್ಮಿಡನ್ನೂ ಅದೇ ಗ್ಯಾಲಕ್ಟೋಸ್ ತಟ್ಟೆಯಲ್ಲಿ ಪರೀಕ್ಷಿಸಲೇಬೇಕು. ನಿಷ್ಕ್ರಿಯ ರೂಪವೂ ಸಮಪ್ರಮಾಣದಲ್ಲಿ ತಯಾರಾಗಿದೆಯೇ ಎಂಬುದನ್ನು, ಪ್ರೋಟೀನಿನ ಪ್ರಮಾಣ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡದೆ ತೀರ್ಮಾನಕ್ಕೆ ಬರಬೇಡಿ. ಈ ಹೆಜ್ಜೆಯನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ.

ಆದರೆ ಈ ಹೋಲಿಕೆ ಎಲ್ಲ ಕೈನೇಸ್‌ಗಳಿಗೂ ಇಷ್ಟು ಸರಳವಲ್ಲ. ಪ್ರೋಟೀನ್ ಕೈನೇಸ್ ಎ ಎಂಬ ಇನ್ನೊಂದು ಕೈನೇಸ್ ಯೀಸ್ಟಿನಲ್ಲಿ ಬಿಸಿವೈ1 ಎಂಬ ನಿಯಂತ್ರಕಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ. ಅದರಲ್ಲಿ ಫಾಸ್ಫೇಟ್ ಜೋಡಿಸುವ ಟಿಪಿಕೆ1 ಘಟಕವನ್ನು ಅತಿಯಾಗಿ ತಯಾರಿಸಿದರೆ ನಿಯಂತ್ರಕ ಸಾಲದೆ, ಕೋಶಗಳು ಗ್ಲೈಕೋಜನ್ ಕೂಡಿಡುವುದನ್ನು ಬಿಡುತ್ತವೆ, ಶಾಖದ ಆಘಾತವನ್ನು ತಾಳಲಾರವು. ಅಲ್ಲಿ ನಿಷ್ಕ್ರಿಯ ಟಿಪಿಕೆ1 ಕೂಡ ಬಿಸಿವೈ1ಅನ್ನು ಕಟ್ಟಿಹಾಕಿ ಕೋಶದ ಸ್ವಂತ ಕೈನೇಸನ್ನು ಬಿಡುಗಡೆ ಮಾಡಬಲ್ಲದು. ಅಂದರೆ, ನಿಷ್ಕ್ರಿಯ ರೂಪವೂ ಪರಿಣಾಮ ಬೀರಿದ ಮಾತ್ರಕ್ಕೆ ಅದನ್ನು ಹೊರೆಯೆಂದು ಬರೆದುಬಿಡಲಾಗದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪ್ಲಾಸ್ಮಿಡ್ ಪ್ರತಿಗಳ ಸಂಖ್ಯೆ ಕೋಶದಿಂದ ಕೋಶಕ್ಕೆ ಬದಲಾಗುವುದು ತೊಂದರೆಯೇ?

ಉತ್ತರ 1:
ಹೌದು. ಸೆಂಟ್ರೋಮಿಯರ್ (ವಿಭಜನೆಯಲ್ಲಿ ಪ್ರತಿಗಳನ್ನು ಎರಡೂ ಕೋಶಗಳಿಗೆ ಹಂಚಲು ನೆರವಾಗುವ ಡಿಎನ್ಎ ಭಾಗ) ಇರುವ ಪ್ಲಾಸ್ಮಿಡ್ ಕೋಶಕ್ಕೆ 1 ಅಥವಾ 2 ಪ್ರತಿಗಳಷ್ಟೇ ಉಳಿಯುತ್ತದೆ. ಜೀನನ್ನು ಅದಕ್ಕೆ ವರ್ಗಾಯಿಸಿ. ಕೋಶಗಳನ್ನು ಮೊದಲು, ಈ ಪ್ರೊಮೋಟರನ್ನು ತಡೆಯದ ಸಕ್ಕರೆಯಾದ ರ್ಯಾಫಿನೋಸ್‌ನಲ್ಲಿ ಬೆಳೆಸಿ, ಆಮೇಲೆ ಗ್ಯಾಲಕ್ಟೋಸ್ ಸೇರಿಸಿದರೆ ಗ್ಲೂಕೋಸಿನ ತಡೆ ಅಡ್ಡ ಬರದೆ ಜೀನ್ ಬೇಗ ಚಾಲೂ ಆಗುತ್ತದೆ.