‘ಪ್ಲಸ್ ಟ್ರೀ’ಗೆ ‘ಉತ್ತಮ ತಳಿಯ ಮರ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಸಾಗವಾನಿ ಸಸಿ ಬೆಳೆಸುವ ರೈತರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ಲಸ್ ಟ್ರೀ’ ಅನ್ನುವ ಮಾತಿಗೆ ಸುಮ್ನೆ ‘ಉತ್ತಮ ತಳಿಯ ಮರ’ ಅಂತ ಬರೆದಿದ್ದೆ. ಕಲಘಟಗಿಯಲ್ಲಿರುವ ನಮ್ಮ ಕಾಕಾ ಓದಿ ಕೇಳಿದರು: “ಹಂಗಾರ ಇದರ ಬೀಜ ಹಾಕಿದ್ರ ಇಂಥಾದ ಬರತೈತೇನು?” ಎಡವಟ್ಟು ಆಗಲೇ ಗೊತ್ತಾಯಿತು.

ಪ್ಲಸ್ ಟ್ರೀ ಆರಿಸುವುದು ಹೀಗೆ: ಕಾಡಿನಲ್ಲೋ ನೆಡುತೋಪಿನಲ್ಲೋ ನೆಟ್ಟಗೆ ಬೆಳೆದ, ಕವಲೊಡೆಯದ, ರೋಗವಿಲ್ಲದ ಒಂದು ಮರ ಹುಡುಕುತ್ತಾರೆ. ಅಕ್ಕಪಕ್ಕದ ಅದೇ ವಯಸ್ಸಿನ ಮರಗಳ ಜೊತೆ ಅದರ ಎತ್ತರ, ಸುತ್ತಳತೆ ಹೋಲಿಸುತ್ತಾರೆ. ಅವನ್ನು ಮೀರಿಸಿದರೆ ಅದು ಪ್ಲಸ್. ಅಷ್ಟೇ. ಮೀರಿಸಿದ್ದು ಹುಟ್ಟುಗುಣದಿಂದಲೋ, ಬುಡದ ಮಣ್ಣು ಚೆನ್ನಾಗಿದ್ದುದರಿಂದಲೋ, ಆಗಲೇ ಹೇಳಲು ಬರುವುದಿಲ್ಲ. ಅದರ ಬೀಜದ ಸಸಿಗಳನ್ನು ಬೇರೆ ಬೇರೆ ಕಡೆ ನೆಟ್ಟು, ವರ್ಷಗಟ್ಟಲೆ ಅಳೆದು ನೋಡಬೇಕು. ಅಲ್ಲೂ ಗೆದ್ದರೆ ಅದನ್ನು ‘ಎಲೈಟ್’ ಅನ್ನುತ್ತಾರೆ. ‘ತಳಿ’ ಅನ್ನುವ ಮಾತನ್ನು ಅಲ್ಲಿಯವರೆಗೆ ಕಾಯಿಸುವುದೇ ಸರಿ, ಅಲ್ವಾ?

‘ತಾಯಿಮರ’ ಅನ್ನೋಣವೇ? ಧಾರವಾಡದ ಆಪೂಸಿಗೆ ಅದು ಚೆನ್ನಾಗಿ ಹೊಂದುತ್ತದೆ. ಕಸಿಕಡ್ಡಿ ಕೊಟ್ಟ ಮರದ ಗುಣವೇ ಹಣ್ಣಿಗೆ ಬರುತ್ತದೆ. ಆದರೆ ಸಾಗವಾನಿ ಬೀಜದ ತಾಯಿ ಮಾತ್ರ ಗೊತ್ತು, ತಂದೆ ಯಾರೋ! ಪರಾಗ ಹೊತ್ತು ತರುವುದು ಹುಳಗಳು. ರಾಣೆಬೆನ್ನೂರು ಕಡೆ ಹತ್ತಿ ಕ್ರಾಸಿಂಗ್, ಅಂದರೆ ಆರಿಸಿದ ಗಂಡುಗಿಡದ ಪರಾಗವನ್ನು ಕೈಯಿಂದಲೇ ಹೂವಿಗೆ ಹಚ್ಚುವ ಕೆಲಸ, ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ಲಸ್ ಮರಗಳ ಕಣ್ಣು (ಚಿಗುರುಮೊಗ್ಗು) ತಂದು ಕಸಿ ಮಾಡಿ ಬೀಜದ ತೋಟ ಎಬ್ಬಿಸುವುದೂ ಇದಕ್ಕೇ. ಅಲ್ಲಿ ತಂದೆಯೂ ಆರಿಸಿದ ಮರವೇ ಆಗಿರಲಿ ಅಂತ.

ನನಗೆ ಹೊಳೆದವು ಎರಡು. ಒಂದು ‘ಸರಸ’. “ಆ ಎತ್ತಿಗಿಂತ ಈ ಎತ್ತು ಸರಸ” ಅನ್ನುವಾಗಿನ ಸರಸ, ಅಂದರೆ ಮೇಲು. ಹೋಲಿಸಿ ನೋಡಿದ್ದು ಆ ಪದದಲ್ಲೇ ಇದೆ. ನನಗೆ ಇದೇ ಜಾಸ್ತಿ ಇಷ್ಟ. ಆದರೆ ಮೈಸೂರು ಕಡೆಯವರು ‘ಸರಸದ ಮರ’ ಅಂತ ಓದಿ, ಅದರ ಕೆಳಗೆ ಯಾರು ಕೂತಿದ್ದಾರೆ ಅಂತ ಹುಡುಕಿಯಾರು! ಇನ್ನೊಂದು ‘ಮಿಗಿಲು ಮರ’. ಅರ್ಥ ಸರಿಯಿದೆ. ಕಾಕಾ ಮಾತ್ರ “ಕಡದು ಮಿಕ್ಕಿದ್ದೇನು?” ಅಂದರು.

ನರ್ಸರಿಯಲ್ಲಿ, ಅರಣ್ಯದ ಕೆಲಸದಲ್ಲಿ ಇರುವವರು ಬಾಯಿಮಾತಿನಲ್ಲಿ ಏನನ್ನುತ್ತೀರಿ? ‘ಪ್ಲಸ್ ಮರ’ ಅಂತಲೇ ನಡೆಯುತ್ತಿದ್ದರೆ ಅದನ್ನೇ ಇಡುತ್ತೇನೆ. ‘ಎಲೈಟ್’ಗೂ ಒಂದು ಪದ ಬೇಕು. ‘ಪರೀಕ್ಷೆ ಗೆದ್ದ ಮರ’ ತೀರಾ ಉದ್ದವಾಯಿತೇ?