ಆ ಕಾಗದವನ್ನು ಟ್ರಂಕಿನಲ್ಲಿ ಇಡಬೇಡ

ಪುಟ್ಟೀ, ನಿನ್ನೆ ರಾತ್ರಿ ನಮ್ಮ ಹೆಂಗಸರ ಗುಂಪಿನಲ್ಲಿ ನೀನು ಹಾಕಿದ ವರದಿಯನ್ನು ಎರಡು ಸಲ ಓದಿದೆ. ಒಂದೊಂದೇ ಅಕ್ಷರ ಒತ್ತುತ್ತಾ ಕುಳಿತರೆ ಮಧ್ಯಾಹ್ನವಾದೀತೆಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಒಲೆ ಆರಿಸಿ ಕುಳಿತು ಕೇಳು.

ಶಿಬಿರದಲ್ಲಿ ಮಾಡಿದ ಪರೀಕ್ಷೆಯಲ್ಲಿ 'ಎಚ್‌ಪಿವಿ 16 ಪಾಸಿಟಿವ್' ಎಂದು ಬಂದಿದೆ. 'ಚಿಕ್ಕಮ್ಮ, ನನಗೆ ಕ್ಯಾನ್ಸರ್ ಬಂದಿದೆಯೇ?' ಎಂದು ಕೇಳಿದ್ದೀಯ. ಈ ವರದಿ ಹಾಗೆ ಹೇಳುತ್ತಿಲ್ಲ. ಈ ಪರೀಕ್ಷೆ ಹುಡುಕುವುದು ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲ ಎಚ್‌ಪಿವಿ ಎಂಬ ವೈರಾಣುವನ್ನು, 16 ಅದರ ಒಂದು ಬಗೆ. ಸಂಸಾರ ಮಾಡಿದ ಹೆಚ್ಚಿನವರಿಗೆ, ಹೆಣ್ಣಿರಲಿ ಗಂಡಿರಲಿ, ಆಯುಸ್ಸಿನಲ್ಲಿ ಒಮ್ಮೆಯಾದರೂ ಇದು ತಗುಲಿರುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಜನರ ಮೈ ಎರಡು ವರ್ಷದೊಳಗೆ ತಾನೇ ಅದನ್ನು ಅಡಗಿಸಿಬಿಡುತ್ತದೆ. ಅಡಗದೆ ವರ್ಷಗಟ್ಟಲೆ ಉಳಿದುಕೊಂಡರೆ ಮಾತ್ರ ಚಿಂತೆ.

ಇನ್ನೊಂದು ಪ್ರಶ್ನೆಯನ್ನು ನೀನು ಗುಂಪಿನಲ್ಲಿ ಕೇಳಲಿಲ್ಲ, ಆದರೆ ನಿನ್ನ ಅಳುವಿನಲ್ಲಿ ನನಗೆ ಕೇಳಿಸಿತು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಮದುವೆಯ ಹೊಸತರಲ್ಲಿ ಬಂದದ್ದು ಇಷ್ಟು ವರ್ಷ ಸದ್ದಿಲ್ಲದೆ ಇದ್ದು ಈಗ ಕಾಣಿಸಿಕೊಂಡಿರಬಹುದು. ಈ ಕಾಗದ ಹಿಡಿದು ಗಂಡನೊಡನೆ ಜಗಳಕ್ಕೆ ಹೋಗಬೇಡ, ನಿನ್ನನ್ನೂ ಹಳಿದುಕೊಳ್ಳಬೇಡ.

ಒಳಗೆ ಏನಾಗುತ್ತದೆ ಎಂದು ಹೇಳುತ್ತೇನೆ, ಗೊತ್ತಾದರೆ ಹೆದರಿಕೆ ಅರ್ಧಕ್ಕಿಳಿಯುತ್ತದೆ. ಗರ್ಭಕೋಶದ ಬಾಯಿಯಲ್ಲಿ ಎರಡು ಬಗೆಯ ಪೊರೆಗಳು ಕೂಡುತ್ತವೆ. ಹೊರಗಿನದು ಹಲವು ಪದರದ ಗಟ್ಟಿ ಪೊರೆ, ಒಳಗಿನದು ಒಂದೇ ಪದರದ ತೆಳು ಪೊರೆ. ಅವು ಕೂಡುವ ಅಂಚೇ ಈ ವೈರಾಣುವಿಗೆ ನೆಲೆ. ನೂರಾರು ಬಗೆಗಳಲ್ಲಿ 16 ಮತ್ತು 18 ಎಂಬ ಎರಡೇ ಸೇರಿ ಈ ಕ್ಯಾನ್ಸರಿನ ನೂರಕ್ಕೆ ಸುಮಾರು ಎಪ್ಪತ್ತು ಪಾಲಿಗೆ ಕಾರಣ. ಅವುಗಳಿಗೆ ಇ6, ಇ7 ಎಂಬ ಎರಡು ಪ್ರೋಟೀನುಗಳಿವೆ. ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸುವ ನಮ್ಮದೇ ಕಾವಲುಗಳನ್ನು ಇವು ಕೆಡವುತ್ತವೆ. ಆಗ ಕೋಶಗಳು ಅಂಕೆಯಿಲ್ಲದೆ ಒಡೆಯುತ್ತಾ ಹೋಗುತ್ತವೆ. ಆದರೂ ಬಹಳ ಕಾಲ ಪೊರೆಯೊಳಗೇ ಇರುತ್ತವೆ, ಕೆಳಗೆ ಇಳಿಯುವುದಿಲ್ಲ. ಅದೇ ಕ್ಯಾನ್ಸರಿಗೆ ಮುಂಚಿನ ಹಂತ. ವರದಿಯಲ್ಲಿ ಸಿಐಎನ್ 1, 2, 3 ಎಂದು ಬರೆಯುತ್ತಾರೆ. ಸಿಐಎನ್ 1 ಬಹುಪಾಲು ತಾನಾಗಿಯೇ ಹೋಗುತ್ತದೆ. ಸಿಐಎನ್ 3 ಇದ್ದರೆ ಚಿಕಿತ್ಸೆಯಿಲ್ಲದೆ ಬಿಡಬಾರದು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಹಿಂದೆ ಒಬ್ಬ ವೈದ್ಯರು ಅಂಥ ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತಾ ಉಳಿಸಿದರು. ಮೂವತ್ತು ವರ್ಷಗಳಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿಗೆ ಕ್ಯಾನ್ಸರ್ ಆಯಿತು. ಸರಿಯಾಗಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಒಬ್ಬರಿಗೂ ಆಗಲಿಲ್ಲ. ಆ ಹೆಂಗಸರನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅತ್ತಿಗೆ, ನೀವು 'ಮಕ್ಕಳಾಗಿವೆಯಲ್ಲ, ಗರ್ಭಕೋಶವನ್ನೇ ತೆಗೆಸಿಬಿಡಲಿ' ಎಂದಿರಿ. ದಯವಿಟ್ಟು ಆ ಮಾತು ಬೇಡ. ಸರಿಯಾಗಿ ನೋಡದೆ ತೆಗೆದು, ಒಳಗೆ ಕ್ಯಾನ್ಸರ್ ಮೊದಲೇ ಇದ್ದರೆ, ಮುಂದಿನ ಚಿಕಿತ್ಸೆ ಕಗ್ಗಂಟಾಗುತ್ತದೆ. ಏನೂ ಇಲ್ಲದಿದ್ದರೆ ಮೂವತ್ತಾರರ ಹುಡುಗಿಗೆ ಬೇಡದ ಶಸ್ತ್ರಚಿಕಿತ್ಸೆ ಮಾಡಿಸಿದಂತಾಗುತ್ತದೆ.

ಪುಟ್ಟೀ, ನಿನಗೆ ಈಗ ಬೇಕಾದದ್ದು ಕಾಲ್ಪೊಸ್ಕೋಪಿ, ಎಂದರೆ ಗರ್ಭಕೋಶದ ಬಾಯಿಯನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ. 16 ಬಂದವರು ಕಾಯದೆ ಮಾಡಿಸಬೇಕು. ಇಂಥ ಪರೀಕ್ಷೆಗಳಲ್ಲಿ ಹೆಂಗಸರ ಕೈ ಹಿಡಿದುಕೊಂಡು ನಾನು ಅದೆಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ನಮ್ಮ ವಿನೆಗರ್‌ನಲ್ಲಿರುವ ಆಮ್ಲವನ್ನೇ ನೀರಿನಲ್ಲಿ ತೆಳುವಾಗಿ ಬೆರೆಸಿ ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚುತ್ತಾರೆ. ಸ್ವಲ್ಪ ಚುರುಗುಟ್ಟುತ್ತದೆ. ಒಂದು ನಿಮಿಷ ಕಾದರೆ, ಕೆಟ್ಟ ಜಾಗವಿದ್ದರೆ ಅಷ್ಟೇ ಭಾಗ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಬಳಿಕ ಅಯೋಡಿನ್ ಹಚ್ಚುತ್ತಾರೆ. ಒಳ್ಳೆಯ ಪೊರೆ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಕೆಟ್ಟದ್ದು ಅರಿಶಿನದಂತೆ ಉಳಿಯುತ್ತದೆ. ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ, ಎಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳುಹಿಸುತ್ತಾರೆ. ಚಿಕಿತ್ಸೆ ಬೇಕೆಂದಾದರೆ ಆ ಭಾಗವನ್ನಷ್ಟೇ ಶಾಖದಿಂದ ಸುಡುವುದೋ, ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸುವುದೋ ಮಾಡುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

ನಾನು ಇಷ್ಟು ಒತ್ತಾಯ ಮಾಡುವುದಕ್ಕೆ ಒಬ್ಬಾಕೆ ಕಾರಣ. ನಾನು ನರ್ಸ್ ಆಗಿದ್ದಾಗ ನಲವತ್ತು ದಾಟಿದ ಒಬ್ಬಾಕೆ ಗಂಡನನ್ನು ಹೊರಗೆ ನಿಲ್ಲಿಸಿ ಒಳಗೆ ಬಂದಳು. ಕೂಡಿದ ಮೇಲೆ ರಕ್ತ ಹೋಗುತ್ತದೆ, ವಾಸನೆಯ ಬಿಳಿ ಸೆರಗು ನಿಲ್ಲುತ್ತಿಲ್ಲ ಎಂದಳು. ಸೀರೆಯ ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು. ಎಂಟು ವರ್ಷ ಹಿಂದಿನ ಪ್ಯಾಪ್ ಪರೀಕ್ಷೆಯ, ಎಂದರೆ ಗರ್ಭಕೋಶದ ಬಾಯಿಯ ಕೋಶಗಳನ್ನು ನೋಡುವ ಪರೀಕ್ಷೆಯ, ವರದಿ. ಮತ್ತೆ ತೋರಿಸಿ ಎಂದು ಅದರಲ್ಲೇ ಬರೆದಿತ್ತು. ಮಗಳ ಮದುವೆ ಮುಗಿಯಲಿ ಎಂದು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಅಡಿ ಇಟ್ಟಿದ್ದಳಂತೆ. ಕಾಗದ ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಅಷ್ಟು ಹೊತ್ತಿಗೆ ಕ್ಯಾನ್ಸರ್ ಮೂರನೆಯ ಹಂತಕ್ಕೆ ಬಂದಿತ್ತು. ಮುಂಚಿನ ಹಂತದಲ್ಲಿ ನೋವೂ ಇರುವುದಿಲ್ಲ, ರಕ್ತವೂ ಹೋಗುವುದಿಲ್ಲ. ಆಕೆ ಚೆನ್ನಾಗಿದ್ದೇನೆ ಎಂದೇ ತಿಳಿದಿದ್ದಳು.

ನಮ್ಮ ಬೀದರಿನ ಪಕ್ಕದ ಉಸ್ಮಾನಾಬಾದ್, ಮಹಾರಾಷ್ಟ್ರದ ಈಗಿನ ಧಾರಾಶಿವ ಜಿಲ್ಲೆಯಲ್ಲಿ 1999ರಿಂದ ಸುಮಾರು 1.3 ಲಕ್ಷ ಹಳ್ಳಿ ಹೆಂಗಸರನ್ನು ಸೇರಿಸಿ ಒಂದು ಅಧ್ಯಯನ ನಡೆಯಿತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಎಂಟು ವರ್ಷದೊಳಗೆ ಈ ಕ್ಯಾನ್ಸರಿನ ಸಾವು, ಅಂಥ ಪರೀಕ್ಷೆ ಮಾಡದ ಗುಂಪಿಗೆ ಹೋಲಿಸಿದರೆ, ಹೆಚ್ಚುಕಡಿಮೆ ಅರ್ಧದಷ್ಟಿತ್ತು. ನೀನು ಮಾಡಿಸಿಕೊಂಡಿರುವುದೂ ಅದೇ ಬಗೆಯ ಪರೀಕ್ಷೆ.

ನಿನ್ನ ಹನ್ನೊಂದರ ಮಗಳಿಗೆ ಎಚ್‌ಪಿವಿ ತಡೆಯುವ ಲಸಿಕೆ ಹಾಕಿಸೋಣ, ಒಂಬತ್ತರಿಂದ ಹದಿನಾಲ್ಕು ಒಳ್ಳೆಯ ವಯಸ್ಸು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ. ಈಗಾಗಲೇ ಇರುವ ವೈರಾಣುವನ್ನು ಲಸಿಕೆ ತೆಗೆಯುವುದಿಲ್ಲ, ಹಾಗಾಗಿ ನಿನಗೆ ಪರೀಕ್ಷೆಯೇ ಮುಖ್ಯ.

ಮುಟ್ಟು ಸೋಮವಾರ ಮುಗಿಯುತ್ತದೆ ಎಂದೆಯಲ್ಲ, ಗುರುವಾರ ಬೆಳಿಗ್ಗೆ ಏಳರ ಬಸ್ಸಿಗೆ ಬಾ. ಎರಡು ದಿನ ಮುಂಚೆಯಿಂದ ಯೋನಿಯೊಳಗೆ ಯಾವ ಔಷಧಿಯನ್ನೂ ಹಾಕಿಕೊಳ್ಳಬೇಡ. ತಿಂಡಿ ತಿಂದೇ ಹೊರಡು. ನಿಲ್ದಾಣದಲ್ಲಿ ನಾನಿರುತ್ತೇನೆ. ವರದಿಯನ್ನು ಈಗಲೇ ಎದ್ದು ಕೈಚೀಲಕ್ಕೆ ಹಾಕು, ಹಾಕಿದ ಮೇಲೆ ಗುಂಪಿನಲ್ಲಿ ಒಂದು ಸಾಲು ಬರೆದು ತಿಳಿಸು.