‘ಬೈಠಕ್’ ಎಂದರೆ ಹಾಡೋ, ಮಾತೋ?

ಎಲ್ಲರಿಗೂ ನಮಸ್ಕಾರ.

ಶಿರಸಿ ಹತ್ತಿರ ನಮ್ಮ ಸಂಬಂಧಿಕರ ಮನೆಯಲ್ಲಿ ಒಂದು ಸಂಜೆ ನಾಲ್ವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸಲಿದ್ದಾರೆ. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ. ಜಗಲಿಯಲ್ಲಿ ಹಿಡಿಸುವಷ್ಟೇ ಜನ, ಮೈಕ್ ಇಲ್ಲ. ಬಂದವರಿಗೆ ಆಸರಿಗೆ (ಕುಡಿಯಲು ಏನಾದರೂ), ಸಂಗೀತ ಮುಗಿದ ಮೇಲೆ ಎಲೆ ಹಾಕಿ ಊಟ, ಆಮೇಲೆ ಕವಳ (ಎಲೆಅಡಿಕೆ) ಹಾಕುತ್ತಾ ಕಲಾವಿದರ ಜೊತೆ ಮಾತುಕತೆ. ಆಮಂತ್ರಣ ಬರೆಯುವ ಕೆಲಸ ನನ್ನದು. ಇಡೀ ಸಂಜೆಗೆ ಒಪ್ಪುವ ಒಂದು ಹೆಸರು ಬೇಕಾಗಿದೆ.

ಈ ಬಗೆಯ ಸಂಗೀತಕ್ಕೆ ಇಂಗ್ಲಿಷಿನಲ್ಲಿ ಛೇಂಬರ್ ಮ್ಯೂಸಿಕ್ ಎನ್ನುತ್ತಾರೆ. ಮನೆಯ, ಅರಮನೆಯ ಕೋಣೆಗಳಲ್ಲಿ ನುಡಿಸಲೆಂದು ಬೆಳೆದದ್ದು. ಒಂದೊಂದು ಭಾಗಕ್ಕೆ ಒಬ್ಬರೇ ವಾದಕರು. ಮುಂದೆ ನಿಂತು ನಡೆಸುವವರಿಲ್ಲ, ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ನುಡಿಸಬೇಕು. ‘ಕೋಣೆ ಸಂಗೀತ’ ಅಂದರೆ ಅರ್ಥ ಸರಿ, ಆದರೆ ಕರೆದಂತೆ ಅನಿಸುವುದಿಲ್ಲ. ‘ಗೋಷ್ಠಿ’ ಈಗ ಭಾಷಣದವರ ಪಾಲಾಗಿದೆ. ‘ಕಛೇರಿ’ ಕರ್ನಾಟಕ ಸಂಗೀತಕ್ಕೆ ಒಗ್ಗಿದ ಮಾತು, ನಮ್ಮ ಕಡೆ ಬಳಕೆ ಕಡಿಮೆ.

ಉಳಿದದ್ದು ‘ಬೈಠಕ್’. ಹಿಂದಿಯ ‘ಬೈಠ್‌ನಾ’, ಅಂದರೆ ಕೂರುವುದು, ಅದರಿಂದ ಬಂದ ಪದ. ಹಿಂದೂಸ್ತಾನಿ ಸಂಗೀತದ ಬೆನ್ನಿಗೆ ಇದೂ ನಮ್ಮಲ್ಲಿ ಬೇರೂರಿದೆ. ನಮ್ಮ ಕಡೆಯ ಗಾಯಕರಾದ ಹಾಸಣಗಿ ಗಣಪತಿ ಭಟ್ಟರು, ಪರಮೇಶ್ವರ ಹೆಗಡೆಯವರು ಇಬ್ಬರೂ ಧಾರವಾಡದ ಗಾಯಕ ಬಸವರಾಜ ರಾಜಗುರುಗಳ ಶಿಷ್ಯರು. ಹೀಗೆ ಧಾರವಾಡದ ನಂಟು ಘಟ್ಟದ ಮೇಲಿನ ಮನೆಗಳ ತನಕ ಬಂದಿದೆ.

ತೊಡಕು ಇಲ್ಲೇ ಇದೆ. ಯಕ್ಷಗಾನದ್ದೇ ಕೂತು ನಡೆಸುವ ರೂಪವಾದ ತಾಳಮದ್ದಳೆಗೂ ‘ಬೈಠಕ್’ ಎನ್ನುವುದುಂಟು. ಕೂಟ, ಜಾಗರ, ಪ್ರಸಂಗ ಎಂಬ ಹೆಸರುಗಳ ಸಾಲಿನಲ್ಲಿ ಇದೂ ಒಂದು. ಹಾಗಾಗಿ ಕಾರ್ಡಿನಲ್ಲಿ ಸುಮ್ನೆ ‘ಬೈಠಕ್’ ಎಂದು ಹಾಕಿದರೆ ‘ಯಾವ ಪ್ರಸಂಗ? ಭಾಗವತರು ಯಾರು?’ ಎಂದು ಕೇಳುವವರು ಇದ್ದೇ ಇರುತ್ತಾರೆ.

ಆದರೂ ನನಗೆ ಈ ಪದವೇ ಇಷ್ಟ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಅದನ್ನು ಹಿಡಿದು ಮಾತು ಬೆಳೆಸುತ್ತಾರೆ. ಹಾಡು, ಮಾತು ಎರಡೂ ಒಂದೇ ಕೂರುವಿಕೆಯಲ್ಲಿ. ನಾಲ್ಕು ತಂತಿವಾದ್ಯಗಳ ಈ ಸಂಗೀತವನ್ನು ಕುರಿತು ಜರ್ಮನ್ ಕವಿ ಗಯಟೆ 1829ರ ಒಂದು ಕಾಗದದಲ್ಲಿ ಬರೆದದ್ದೂ ಹೀಗೇ ಇದೆ: ವಿವೇಕವುಳ್ಳ ನಾಲ್ವರು ಮಾತಾಡುವುದನ್ನು ಕೇಳಿದಂತೆ ಎಂದು. ಅರ್ಥಗಾರಿಕೆ ಕೇಳಿ ಬೆಳೆದ ನಮ್ಮವರಿಗೆ ಇದು ಬೇಗ ಹತ್ತುತ್ತದೆ, ಅಲ್ವಾ? ಒಂದು ಪಿಟೀಲು ಎತ್ತಿದ ಮಾತಿಗೆ ಚೆಲ್ಲೊ ಕೆಳದನಿಯಲ್ಲಿ ಉತ್ತರ ಕೊಡುವುದನ್ನು ಅವರು ಸಂವಾದವಾಗಿಯೇ ಕೇಳುತ್ತಾರೆ ಎಂಬ ನಂಬಿಕೆ ನನಗಿದೆ. ಎರಡು ಅರ್ಥ ಇರುವುದೇ ಈ ಪದದ ಬಲ.

‘ಪಿಟೀಲು-ಚೆಲ್ಲೊ ಬೈಠಕ್, ಊಟ, ಮಾತುಕತೆ’ ಎಂದು ಬರೆದಿದ್ದೇನೆ. ವಾದ್ಯದ ಹೆಸರು ಮೊದಲೇ ಬಂದರೆ ಪ್ರಸಂಗದ ಗೊಂದಲ ಇರಲಾರದು.

ಈಗ ನಿಮ್ಮನ್ನು ಕೇಳುವುದು. ಕಾರವಾರ, ಅಂಕೋಲೆ ಕಡೆಯ ಕನ್ನಡದಲ್ಲಿ ಮನೆಯೊಳಗಿನ ಸಂಗೀತಕ್ಕೆ ಬೈಠಕ್ ಎನ್ನುತ್ತೀರೋ, ಮರಾಠಿಯ ‘ಮೈಫಲ್’ ಎನ್ನುತ್ತೀರೋ? ತಾಳಮದ್ದಳೆಗೆ ಈ ಪದ ನಿಮ್ಮೂರಲ್ಲಿ ಈಗಲೂ ಬಾಯಲ್ಲಿದೆಯೇ, ಕರಪತ್ರದಲ್ಲಿ ಮಾತ್ರವೇ? ಇನ್ನೊಂದು: ‘ಬೈಠಕ್‌ಗೆ ಬನ್ನಿ’ ಸರಿಯೋ, ‘ಬೈಠಕ್ಕಿಗೆ ಬನ್ನಿ’ ಸರಿಯೋ? ನನ್ನ ನಾಲಿಗೆಗೆ ಎರಡನೆಯದೇ ಸಲೀಸು. ಹಳೆಯ ಆಮಂತ್ರಣ ಯಾರ ಬಳಿಯಾದರೂ ಇದ್ದರೆ ಅದರಲ್ಲಿ ಹೇಗಿದೆ ನೋಡಿ ಹೇಳಿ.